ಮಾತ್ರೆ ನುಂಗಿದ ಮೇಲಿನ ಮೂರು ವಾರ

ರಾತ್ರಿ ಎಂಟೂವರೆಗೆ ಮಾತ್ರೆಯ ಟ್ರಾಲಿ ತಳ್ಳಿಕೊಂಡು ಹೊರಟಾಗ, ಮಹಿಳಾ ವಾರ್ಡಿನ ಹದಿನಾಲ್ಕನೇ ಹಾಸಿಗೆಯ ಅಮ್ಮ ನಾನು ಕೊಟ್ಟ ಪುಟ್ಟ ಲೋಟದಲ್ಲಿದ್ದ ಎರಡು ಮಾತ್ರೆಗಳನ್ನು ಬೆರಳ ತುದಿಯಿಂದ ಹೊರಳಿಸಿ ನೋಡಿ, “ಸಿಸ್ಟರಮ್ಮ, ಇವು ನರದ ಗುಳಿಗೇನಾ?” ಎಂದು ಕೇಳಿದರು. ವಯಸ್ಸು ಐವತ್ನಾಲ್ಕು. ಗಂಡ ತೀರಿಕೊಂಡು ಏಳು ತಿಂಗಳಾಗಿತ್ತು. ಆ ಏಳು ತಿಂಗಳಲ್ಲಿ ಎದೆನೋವೆಂದು ಮೂರು ಸಲ ಕ್ಯಾಷುಯಾಲ್ಟಿಗೆ ಬಂದಿದ್ದರು. ಮೂರು ಸಲವೂ ಇಸಿಜಿ ಸರಿಯಾಗಿತ್ತು, ಈ ಸಲ ಥೈರಾಯ್ಡ್, ಹಿಮೋಗ್ಲೋಬಿನ್ ಕೂಡ ನೋಡಿದ್ದಾಗಿತ್ತು. ಎದೆ ಹೊಡೆದುಕೊಳ್ಳುತ್ತದೆ, ಕೈಕಾಲು ಸೋಲುತ್ತವೆ, ಬೆಳಗಿನ ಜಾವ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ, ಅನ್ನ ಬಾಯಿಗಿಟ್ಟರೆ ಮಣ್ಣು ಅಗಿದಂತಾಗುತ್ತದೆ ಎನ್ನುತ್ತಿದ್ದರೇ ಹೊರತು ದುಃಖ ಎಂಬ ಪದ ಒಮ್ಮೆಯೂ ಅವರ ಬಾಯಿಂದ ಬಂದಿರಲಿಲ್ಲ. ಮನೋವೈದ್ಯರು ಅರ್ಧ ಗಂಟೆ ಪಕ್ಕದಲ್ಲಿ ಕೂತು ಮಾತಾಡಿ, ಖಿನ್ನತೆಗೆ ಕೊಡುವ ಎಸ್ಸಿಟಲೋಪ್ರಾಮ್ 5 ಮಿ.ಗ್ರಾಂ., ಒಂದು ವಾರದ ನಂತರ 10 ಮಿ.ಗ್ರಾಂ., ಜೊತೆಗೆ ರಾತ್ರಿಗೆ ಹತ್ತು ದಿನ ಮಾತ್ರ, ಗಾಬರಿ ತಗ್ಗಿಸಿ ನಿದ್ದೆ ಬರಿಸುವ ಕ್ಲೋನಜೆಪಾಮ್ 0.25 ಮಿ.ಗ್ರಾಂ. ಎಂದು ಕೇಸ್‌ಶೀಟಿನಲ್ಲಿ ಬರೆದು ಹೋಗಿದ್ದರು. (ಈ ಬರಹದಲ್ಲಿ ಬರುವ ಯಾರ ಗುರುತೂ ಸಿಗದಂತೆ ಊರು, ವಯಸ್ಸು, ಹಾಸಿಗೆ ಸಂಖ್ಯೆಗಳನ್ನು ಬದಲಿಸಿದ್ದೇನೆ.)

ನಮ್ಮ ಕಡೆ ನರದ ಗುಳಿಗೆ ಎಂದರೆ ಕೈಕಾಲು ಜೋಮಿಗೆ ಕೊಡುವ ಬಿ-ಕಾಂಪ್ಲೆಕ್ಸ್‌ನಿಂದ ಹಿಡಿದು ಮೂರ್ಛೆಯ ಔಷಧಿಯವರೆಗೆ ಏನು ಬೇಕಾದರೂ ಆಗಬಹುದು. ಆದರೆ ಆಸ್ಪತ್ರೆಯ ಹಾಸಿಗೆಯಲ್ಲಿ ಕೂತು ದನಿ ತಗ್ಗಿಸಿ ಆ ಪ್ರಶ್ನೆ ಕೇಳಿದವರು ತಿಳಿಯಬಯಸುವುದು ಒಂದೇ: ನನಗೆ ತಲೆ ಕೆಟ್ಟಿದೆ ಎಂದು ನೀವು ತೀರ್ಮಾನಿಸಿದ್ದೀರಾ? ಇಲ್ಲಮ್ಮ, ಶಕ್ತಿ ಗುಳಿಗೆ, ನುಂಗಿ ಮಲಗಿ ಎಂದುಬಿಟ್ಟರೆ ಟ್ರಾಲಿ ಬೇಗ ಮುಂದಕ್ಕೆ ಹೋಗುತ್ತದೆ. ನಲವತ್ತು ರೋಗಿಗಳಿಗೆ ಇಬ್ಬರೇ ಇರುವ ರಾತ್ರಿ ಪಾಳಿಯಲ್ಲಿ ಹಾಗೆ ಹೇಳಿದವರನ್ನು ನಾನು ದೂರುವುದಿಲ್ಲ, ನಾನೂ ಹೇಳಿದವಳೇ. ಆದರೆ ಆ ಒಂದು ಸುಳ್ಳಿನ ಬೆಲೆಯನ್ನು ರೋಗಿ ಐದನೆಯ ದಿನಕ್ಕೆ ತೆರುತ್ತಾರೆ ಎಂಬುದು ನನಗೆ ತಡವಾಗಿ ಗೊತ್ತಾಯಿತು.

ಹದಿನೈದು ವರ್ಷದ ಹಿಂದೆ, ಬೇರೊಂದು ಆಸ್ಪತ್ರೆಯಲ್ಲಿ, ಇಪ್ಪತ್ತೆಂಟರ ಹರೆಯದ ಹೆಣ್ಣುಮಗಳೊಬ್ಬಳಿಗೆ ಖಿನ್ನತೆಯದೇ ಇನ್ನೊಂದು ಔಷಧಿಯಾದ ಫ್ಲುಒಕ್ಸೆಟಿನ್ 20 ಮಿ.ಗ್ರಾಂ. ಬರೆದು ಡಿಸ್ಚಾರ್ಜ್ ಮಾಡಿದ್ದರು. ನಾನು ಚೀಟಿ ನೋಡಿ, ಮಾತ್ರೆ ಎಣಿಸಿ ಕವರಿಗೆ ಹಾಕಿ, ಮೇಲೆ ಪೆನ್ನಿನಲ್ಲಿ ಸೂರ್ಯನ ಚಿತ್ರ ಬರೆದು, “ಬೆಳಿಗ್ಗೆ ತಿಂಡಿ ಆದ ಮೇಲೆ ಒಂದು, ತಿಂಗಳು ಬಿಟ್ಟು ಬಾಮ್ಮ” ಎಂದಿದ್ದೆ. ಔಷಧಿ ಸರಿ, ಪ್ರಮಾಣ ಸರಿ, ಹೊತ್ತು ಸರಿ, ರೋಗಿ ಸರಿ. ನರ್ಸಿಂಗ್ ಶಾಲೆಯಲ್ಲಿ ಉರು ಹೊಡೆಸಿದ್ದ ಎಲ್ಲ ‘ಸರಿ’ಗಳಿಗೂ ಟಿಕ್ ಬಿದ್ದಿತ್ತು. ತಿಂಗಳ ನಂತರ ಅವಳು ಬಂದಾಗ ಎಂಟು ಕಿಲೋ ಇಳಿದಿದ್ದಳು. ಮೂರನೆಯ ದಿನಕ್ಕೆ ಹೊಟ್ಟೆ ತೊಳೆಸಿದೆ, ನಾಲ್ಕನೆಯ ದಿನಕ್ಕೆ ಕೂತಲ್ಲಿ ಕೂರಲಾಗದ ಚಡಪಡಿಕೆ ಬಂದಿದೆ, ಐದನೆಯ ದಿನ ಅತ್ತೆ ಕವರನ್ನೇ ಒಲೆಗೆ ಹಾಕಿದ್ದಾರೆ. ಯಾರೋ ಮದ್ದು ಹಾಕಿದ್ದಾರೆ, ಅದಕ್ಕೇ ಇಂಗ್ಲಿಷ್ ಔಷಧಿ ಒಗ್ಗುತ್ತಿಲ್ಲ ಎಂದು ಮದ್ದು ತೆಗೆಸಲು ಎರಡು ಊರು ಸುತ್ತಿಸಿದ್ದಾರೆ. ಅವಳ ತಾಯಿ ನನ್ನನ್ನೇ ಗುರುತಿಸಿ, “ಹಿಂಗಾಗ್ತದೆ ಅಂತ ನೀವು ಒಂದ್ಮಾತು ಹೇಳಿದ್ರೆ ನಾವು ತಡ್ಕೊಂತಿದ್ವಿ ಸಿಸ್ಟರ್” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು.

ಈ ಔಷಧಿಗಳ ತೊಂದರೆ ಇರುವುದೇ ಅವುಗಳ ಪರಿಣಾಮಗಳು ಬರುವ ಸರದಿಯಲ್ಲಿ. ಪ್ಯಾರಾಸಿಟಮಾಲ್ ಆದರೆ ಒಂದು ಗಂಟೆಯಲ್ಲಿ ಜ್ವರ ಇಳಿಸಿ ತನ್ನ ಯೋಗ್ಯತೆ ತೋರಿಸುತ್ತದೆ. ಎಸ್ಸಿಟಲೋಪ್ರಾಮ್, ಸರ್ಟ್ರಾಲಿನ್, ಫ್ಲುಒಕ್ಸೆಟಿನ್ ಮುಂತಾದವು ನರಕೋಶಗಳ ನಡುವಿನ ಸಂದಿನಲ್ಲಿ ಸಿರೊಟೋನಿನ್ ಮರಳಿ ಹೀರಿಹೋಗದಂತೆ ತಡೆಯುವ ಕೆಲಸವನ್ನು ಮೊದಲ ದಿನವೇ ಶುರುಮಾಡಿದರೂ, ಆ ಬದಲಾವಣೆಗೆ ಮಿದುಳು ಹೊಂದಿಕೊಂಡು ಮನಸ್ಸಿಗೆ ಗೆಲುವು ಕಾಣಬೇಕಾದರೆ ಎರಡರಿಂದ ನಾಲ್ಕು ವಾರ, ಪೂರ್ತಿ ಗುಣ ತಿಳಿಯಲು ಆರು ವಾರವೂ ಬೇಕಾಗುತ್ತದೆ. ದೇಹದ ಸಿರೊಟೋನಿನ್‌ನ ಬಹುಪಾಲು ಇರುವುದು ಮಿದುಳಿನಲ್ಲಲ್ಲ, ಕರುಳಿನಲ್ಲಿ. ಹಾಗಾಗಿ ವಾಕರಿಕೆ, ಭೇದಿ, ತಲೆನೋವು, ನಿದ್ದೆಗೇಡು ಮೊದಲ ವಾರದಲ್ಲೇ ಹಾಜರಾಗುತ್ತವೆ. ಕಷ್ಟ ಮುಂಚೆ, ಸುಖ ಆಮೇಲೆ. ಮೊದಲೇ ಸೋತು ಕೂತ ಮನುಷ್ಯನಿಗೆ ಈ ಲೆಕ್ಕವನ್ನು ಯಾರಾದರೂ ಮುಂಚಿತವಾಗಿ ಬಿಡಿಸಿ ಹೇಳದಿದ್ದರೆ, ಅವನು ಐದನೆಯ ದಿನ ಮಾತ್ರೆ ಬಿಡುವುದು ಮೂರ್ಖತನವೇನಲ್ಲ, ಅವನ ಮಟ್ಟಿಗೆ ಅದು ನ್ಯಾಯವಾದ ತೀರ್ಮಾನ.

ಹಾಗಾಗಿ ಹದಿನಾಲ್ಕನೇ ಹಾಸಿಗೆಯ ಅಮ್ಮನಿಗೆ ನಾನು ಹೇಳಿದ್ದು ಇಷ್ಟು: “ಹೌದಮ್ಮ, ಇದು ಮನಸ್ಸಿನ ಗಾಬರಿಗೆ, ಬೇಜಾರಿಗೆ ಕೊಡೋ ಮಾತ್ರೆ. ನಿಮಗೆ ತಲೆ ಕೆಟ್ಟಿಲ್ಲ. ಯಜಮಾನರು ಹೋದ ಮೇಲೆ ಮೈಯೂ ಮನಸ್ಸೂ ಎರಡೂ ಬಳಲಿವೆ. ಮೊದಲ ವಾರ ಹೊಟ್ಟೆ ತೊಳಸ್ಬಹುದು, ಇನ್ನೂ ಸ್ವಲ್ಪ ಗಾಬರಿ ಜಾಸ್ತಿ ಆದಂಗೂ ಅನ್ನಿಸ್ಬಹುದು, ಅದು ಹೋಗ್ತದೆ. ಗುಣ ಕಾಣೋಕೆ ಮೂರು ವಾರ ಬೇಕು. ಅಲ್ಲಿ ಮಟ ಬಿಡಬೇಡಿ, ತಡೆಯೋಕಾಗ್ಲಿಲ್ಲ ಅಂದ್ರೆ ನೀವೇ ನಿಲ್ಲಿಸ್ಬೇಡಿ, ನನಗೋ ಡಾಕ್ಟರಿಗೋ ಹೇಳಿ.” ಅವರು ಕೇಳಿಸಿಕೊಂಡು, “ಮತ್ತೆ ಈ ಸಣ್ಣದು?” ಎಂದು ಕ್ಲೋನಜೆಪಾಮನ್ನು ತೋರಿಸಿದರು. ಆ ಸಣ್ಣದರ ಕಥೆಗೆ ಬರುತ್ತೇನೆ.

ಅದಕ್ಕೆ ಮುಂಚೆ ಒಂದು ವಿಷಯ. ಖಿನ್ನತೆಯ ಔಷಧಿಗಳ ಮೊದಲ ಸುಳಿವು ಸಿಕ್ಕಿದ್ದು ಕ್ಷಯರೋಗಿಗಳ ವಾರ್ಡಿನಲ್ಲಿ. 1950ರ ದಶಕದ ಆರಂಭದಲ್ಲಿ ಅಮೆರಿಕದ ಕ್ಷಯದ ಆಸ್ಪತ್ರೆಯೊಂದರಲ್ಲಿ ಇಪ್ರೊನಿಯಾಜಿಡ್ ಕೊಟ್ಟಾಗ ರೋಗಿಗಳು ಅನಿರೀಕ್ಷಿತವಾಗಿ ಗೆಲುವಾಗಿ ಓಡಾಡತೊಡಗಿದರಂತೆ. ಕ್ಷಯಕ್ಕೆ ನಾವು ಇಂದಿಗೂ ಹಂಚುವ ಐಸೊನಿಯಾಜಿಡ್‌ಗೆ ಅದು ದಾಯಾದಿ. ಆ ನಂಟು ಇನ್ನೊಂದು ರೂಪದಲ್ಲಿ ಈಗಲೂ ನಮ್ಮನ್ನು ಕಾಡುತ್ತದೆ. ಔಷಧ ನಿರೋಧಕ ಕ್ಷಯಕ್ಕೆ ಕೊಡುವ ಲಿನೆಜೋಲಿಡ್‌ಗೂ ಇಪ್ರೊನಿಯಾಜಿಡ್‌ನಂತೆ ಸಿರೊಟೋನಿನ್ ಒಡೆದುಹೋಗದಂತೆ ತಡೆಯುವ ಗುಣ ಸ್ವಲ್ಪ ಮಟ್ಟಿಗೆ ಇರುವುದರಿಂದ, ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಅದನ್ನು ಸೇರಿಸಿದರೆ ಸಿರೊಟೋನಿನ್ ಮಿತಿಮೀರಬಹುದು. ಮೂಳೆ ವಾರ್ಡಿನಲ್ಲಿ ನೋವಿಗೆ ಧಾರಾಳವಾಗಿ ಕೊಡುವ ಟ್ರಮಡಾಲ್ ಕೂಡ ಅದೇ ಜಾತಿಯ ಅಪಾಯ. ಮೈ ಬೆವರುವುದು, ಕೈ ನಡುಗುವುದು, ಜ್ವರ, ಭೇದಿ, ಕಾಲಿನ ಸ್ನಾಯು ತಾನಾಗಿ ಅದುರುವುದು, ಗೊಂದಲ ಇವೆಲ್ಲ ಒಟ್ಟಿಗೆ ಕಂಡರೆ ಮುಂದಿನ ಡೋಸ್ ಕೊಡದೆ ತಡೆಹಿಡಿದು ವೈದ್ಯರನ್ನು ಕರೆಯಬೇಕು. ಬೇರೆ ಬೇರೆ ವೈದ್ಯರು ಬೇರೆ ಬೇರೆ ಹೊತ್ತಿನಲ್ಲಿ ಬರೆದ ಔಷಧಿಗಳೆಲ್ಲ ಕೊನೆಗೆ ಒಂದೇ ಕಡೆ ಕೂಡುವುದು ನಮ್ಮ ಟ್ರಾಲಿಯ ಮೇಲೆಯೇ ಆದ್ದರಿಂದ, ಇದನ್ನು ಗಮನಿಸುವ ಮೊದಲ ಕಣ್ಣು ನಮ್ಮದಾಗಿರಬೇಕಾಗುತ್ತದೆ.

ಇನ್ನು ಆ ಮೂರು ವಾರಗಳ ಮಧ್ಯೆ ಬರುವ ಒಂದು ಅಪಾಯದ ತಿರುವು. ಮನಸ್ಸು ಹಗುರಾಗುವ ಮುಂಚೆಯೇ ಕೆಲವರಿಗೆ ಮೈಯಲ್ಲಿ ಕಸುವು ಬರುತ್ತದೆ. ಹಾಸಿಗೆಯಿಂದ ಏಳಲೂ ಆಗದೆ ಬಿದ್ದುಕೊಂಡಿದ್ದವರು ಎರಡನೆಯ ವಾರ ತಾವಾಗಿ ತಲೆ ಬಾಚಿಕೊಂಡು ಕಾರಿಡಾರಿನಲ್ಲಿ ಓಡಾಡಿದರೆ ಮನೆಯವರಿಗೆ ಸಂತೋಷ. ನನಗೆ ಮಾತ್ರ ಆ ವಾರ ಹೆಚ್ಚು ಎಚ್ಚರ. ಸಾಯುವ ಯೋಚನೆ ಇನ್ನೂ ಒಳಗೇ ಇದ್ದು, ಅದನ್ನು ಮಾಡಿ ಮುಗಿಸುವ ಬಲವಷ್ಟೇ ಮರಳಿರಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಮಕ್ಕಳು ಮತ್ತು ಹದಿಹರೆಯದವರ ಬಗ್ಗೆ, 2007ರಲ್ಲಿ 24 ವರ್ಷದವರೆಗಿನ ಯುವಜನರ ಬಗ್ಗೆ ಇಂಥ ಎಚ್ಚರಿಕೆಯನ್ನು ಈ ಮಾತ್ರೆಗಳ ಮಾಹಿತಿ ಪತ್ರದಲ್ಲಿ ಕಪ್ಪು ಚೌಕಟ್ಟಿನೊಳಗೆ ಅಚ್ಚು ಹಾಕಿಸಿತು. ಔಷಧಿ ಕೊಡಬಾರದು ಎಂಬುದು ಅದರ ಅರ್ಥವಲ್ಲ, ಶುರುವಿನ ವಾರಗಳಲ್ಲಿ ಹತ್ತಿರದಿಂದ ನೋಡಿಕೊಳ್ಳಿ ಎಂದು. ನೇರವಾಗಿ ಕೇಳಬೇಕು: “ಬದುಕೋದೇ ಬೇಡ ಅಂತ ಅನ್ನಿಸ್ತದಾ? ಹೆಂಗೆ ಅಂತ ಏನಾದ್ರೂ ಯೋಚನೆ ಮಾಡಿದ್ದೀರಾ?” ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಹೊಸ ನರ್ಸ್‌ಗಳಲ್ಲಿ ಬಹಳ ಇರುತ್ತದೆ. ನಾನು ಕಂಡಂತೆ, ಕೇಳಿದಾಗ ಹೆಚ್ಚಿನವರು ಅಳುತ್ತಾರೆ, ಅತ್ತಮೇಲೆ ಹೇಳುತ್ತಾರೆ.

ಕೇಳದೆ ಇದ್ದುದರ ಫಲವನ್ನು ಒಮ್ಮೆ ಕಂಡಿದ್ದೇನೆ. ಮೈಕೈ ನೋವು, ನಿದ್ದೆಯಿಲ್ಲವೆಂದು ಅಮಿಟ್ರಿಪ್ಟಿಲಿನ್ 25 ಮಿ.ಗ್ರಾಂ. ಪಡೆಯುತ್ತಿದ್ದ ಒಬ್ಬರ ಹಾಸಿಗೆಯ ಚಾದರ ಬದಲಿಸುವಾಗ, ದಿಂಬಿನ ಕವರಿನ ಮೂಲೆಯಲ್ಲಿ ಕರ್ಚೀಫಿನ ಗಂಟೊಂದು ಸಿಕ್ಕಿತು. ಬಿಚ್ಚಿದರೆ ಹನ್ನೊಂದು ಮಾತ್ರೆಗಳು, ಕೆಲವು ಬಾಯೊಳಗೆ ನೆಂದು ಬಣ್ಣ ಬಿಟ್ಟು ಬಟ್ಟೆಗೆ ಅಂಟಿಕೊಂಡಿದ್ದವು. ಹನ್ನೊಂದು ರಾತ್ರಿ ನಾವು ಸರದಿಯ ಮೇಲೆ ಅವರ ಹೆಸರಿನ ಮುಂದೆ ಸಹಿ ಹಾಕಿದ್ದೆವು. ಎಸ್ಸಿಟಲೋಪ್ರಾಮ್ ಜಾತಿಯ ಮಾತ್ರೆಗಳಿಗೆ ಹೋಲಿಸಿದರೆ ಅಮಿಟ್ರಿಪ್ಟಿಲಿನ್, ಇಮಿಪ್ರಮಿನ್‌ಗಳಂಥ ಹಳೆಯ ಔಷಧಿಗಳು ಹೆಚ್ಚು ನುಂಗಿದಾಗ ಎಷ್ಟೋ ಪಟ್ಟು ಅಪಾಯಕಾರಿ. ಹೃದಯದ ಬಡಿತವನ್ನೇ ಹಳಿ ತಪ್ಪಿಸುತ್ತವೆ. ಅಂದಿನಿಂದ ನಾನು ಮಾತ್ರೆ ಕೊಟ್ಟು ನೀರು ಕುಡಿಸಿ, ಅಲ್ಲೇ ನಿಂತು ಊರಿನ ಮಳೆಯ ಬಗ್ಗೆಯೋ ಮೊಮ್ಮಕ್ಕಳ ಬಗ್ಗೆಯೋ ಎರಡು ಮಾತು ಕೇಳುತ್ತೇನೆ. ದವಡೆಯಲ್ಲಿ ಮಾತ್ರೆ ಒತ್ತಿಟ್ಟುಕೊಂಡವರ ಮಾತು ತೊದಲುತ್ತದೆ. ಪೊಲೀಸರಂತೆ “ಬಾಯಿ ತೆಗೀರಿ” ಎನ್ನಬೇಕಾದ ಪ್ರಸಂಗ ಹೆಚ್ಚು ಬರುವುದಿಲ್ಲ. ಮನೆಗೆ ಕಳಿಸುವಾಗ ತಿಂಗಳ ಮಾತ್ರೆ ಒಟ್ಟಿಗೆ ಕೊಡದೆ ವಾರದ್ದು ಕೊಡಿಸಿ, ಅದನ್ನೂ ಮನೆಯವರ ಕೈಗೆ ಕೊಡುತ್ತೇನೆ. ಹಾಗೆಯೇ ಹೊಲಕ್ಕೆ ಹೊಡೆಯುವ ಔಷಧಿಯ ಡಬ್ಬಿ ಮನೆಯಲ್ಲಿ ಎಲ್ಲಿದೆ ಎಂದು ಕೇಳಿ, ಬೀಗ ಹಾಕಿಡಲು ಹೇಳುತ್ತೇನೆ. ನಮ್ಮ ಕ್ಯಾಷುಯಾಲ್ಟಿಗೆ ಮಾತ್ರೆ ನುಂಗಿ ಬರುವವರಿಗಿಂತ ಅದನ್ನು ಕುಡಿದು ಬರುವವರನ್ನೇ ನಾನು ಹೆಚ್ಚು ಕಂಡಿರುವುದು.

ಈಗ ಆ ಸಣ್ಣ ಮಾತ್ರೆಯ ಕಥೆ. ಕ್ಲೋನಜೆಪಾಮ್, ಆಲ್ಪ್ರಜೊಲಾಮ್, ಲೊರಾಜೆಪಾಮ್, ಡಯಾಜೆಪಾಮ್ ಎಲ್ಲವೂ ಒಂದೇ ಮನೆತನದವು. ಮೊದಲನೆಯವನಾದ ಕ್ಲೋರ್‌ಡಯಜೆಪಾಕ್ಸೈಡ್ 1960ರಲ್ಲಿ, ಡಯಾಜೆಪಾಮ್ 1963ರಲ್ಲಿ ಮಾರುಕಟ್ಟೆಗೆ ಬಂದವು. ಇವು ಕಾಯಿಸುವುದಿಲ್ಲ. ನುಂಗಿದ ಅರ್ಧ, ಒಂದು ಗಂಟೆಯಲ್ಲಿ ಎದೆಯ ಹೊಡೆತ ನಿಲ್ಲುತ್ತದೆ, ಕಣ್ಣು ಮುಚ್ಚುತ್ತದೆ. ಆದ್ದರಿಂದ ರೋಗಿಯ ಪ್ರೀತಿಯೆಲ್ಲ ಇದಕ್ಕೇ ಸಲ್ಲುತ್ತದೆ. ನಿಜವಾಗಿ ದುಡಿಯುವ ದೊಡ್ಡ ಮಾತ್ರೆಗೆ ಹೊಟ್ಟೆ ತೊಳೆಸಿದ ಅಪವಾದ. ದೊಡ್ಡದು ಕೆಲಸ ಹಿಡಿಯುವವರೆಗೆ ಎರಡು ನಾಲ್ಕು ವಾರ ಊರುಗೋಲಾಗಿ ಕೊಟ್ಟು ನಿಧಾನಕ್ಕೆ ಇಳಿಸಬೇಕಾದ ಇದು, ನಮ್ಮಲ್ಲಿ ವರ್ಷಗಟ್ಟಲೆ ನಡೆಯುತ್ತದೆ. ಆಲ್ಪ್ರಜೊಲಾಮ್, ಡಯಾಜೆಪಾಮ್‌ಗಳನ್ನು ಎಚ್1 ಎಂಬ ಪಟ್ಟಿಗೆ ಸೇರಿಸಿ, ಔಷಧಿ ಅಂಗಡಿಯವರು ಬರೆದ ವೈದ್ಯರ ಹೆಸರನ್ನೂ ಕೊಂಡ ರೋಗಿಯ ಹೆಸರನ್ನೂ ಪ್ರತ್ಯೇಕ ರಿಜಿಸ್ಟರಿನಲ್ಲಿ ದಾಖಲಿಸಿ ಮೂರು ವರ್ಷ ಇಟ್ಟುಕೊಳ್ಳಬೇಕೆಂಬ ನಿಯಮ 2014ರಿಂದ ಜಾರಿಯಲ್ಲಿದೆ. ಆದರೂ ಮಡಿಸಿ ಮಡಿಸಿ ಹರಿದ ಹಳೆಯ ಚೀಟಿಯನ್ನೋ ಅದರ ಜೆರಾಕ್ಸನ್ನೋ ಹಿಡಿದು ನಿದ್ದೆ ಗುಳಿಗೆ ತರುವವರನ್ನು ನೀವೂ ಕಂಡಿರುತ್ತೀರಿ.

ಇದಕ್ಕಿಂತ ನನಗೆ ತಲೆನೋವಾಗಿರುವುದು, ಎಸ್ಸಿಟಲೋಪ್ರಾಮ್ ಮತ್ತು ಕ್ಲೋನಜೆಪಾಮ್ ಎರಡನ್ನೂ ಬೆರೆಸಿ ಒಂದೇ ಮಾತ್ರೆಯಾಗಿ ಮಾರುವುದು. ಒಂದನ್ನು ತಿಂಗಳುಗಟ್ಟಲೆ ಮುಂದುವರಿಸಬೇಕು, ಇನ್ನೊಂದನ್ನು ವಾರಗಳಲ್ಲಿ ನಿಲ್ಲಿಸಬೇಕು. ಎರಡಕ್ಕೂ ಒಂದೇ ನೊಗ ಕಟ್ಟಿದರೆ ಯಾವುದನ್ನು ಬಿಚ್ಚುವುದು? ಹರ್ನಿಯಾ ಶಸ್ತ್ರಚಿಕಿತ್ಸೆಗೆ ಸೇರಿದ್ದ ಎಪ್ಪತ್ತೆರಡರ ಯಜಮಾನರೊಬ್ಬರ ವಿಷಯದಲ್ಲಿ ಇದನ್ನು ಕಣ್ಣಾರೆ ನೋಡಿದೆ. ಸೇರಿಸಿಕೊಳ್ಳುವಾಗ ಬಿಪಿ, ಶುಗರ್ ಮಾತ್ರೆಗಳ ಬಗ್ಗೆ ಕೇಳಿ ಬರೆದುಕೊಂಡಿದ್ದೆವು. ನಾಲ್ಕನೆಯ ದಿನ ಬೆಳಿಗ್ಗೆ ಅವರ ಕೈ ನಡುಗುತ್ತಿತ್ತು, ಹಣೆಯಲ್ಲಿ ಬೆವರ ಹನಿ, ಗೋಡೆಯ ಮೇಲೆ ಏನೋ ಹರಿದಾಡುತ್ತಿದೆ ಎಂದು ತೋರಿಸುತ್ತಿದ್ದರು. ಮಧ್ಯಾಹ್ನಕ್ಕೆ ಫಿಟ್ಸ್ ಬಂತು. ಕುಡಿತ ಬಿಟ್ಟಿದ್ದರಿಂದ ಹೀಗಾಗಿರಬೇಕೆಂದು ಎಲ್ಲರೂ ಊಹಿಸಿದೆವು. ಮಗನನ್ನು ಕೇಳಿದರೆ, ಜನ್ಮದಲ್ಲಿ ಹೆಂಡ ಮುಟ್ಟದ ಮನುಷ್ಯನ ಮೇಲೆ ಇಂಥ ಮಾತಾಡುತ್ತೀರಲ್ಲ ಎಂದು ಕಣ್ಣು ಕೆಂಪಗೆ ಮಾಡಿಕೊಂಡರು. ಸಂಜೆ ಮನೆಯಿಂದ ಬಂದ ಸೊಸೆ ಬುತ್ತಿಯ ಚೀಲದಿಂದ ಒಂದು ಸ್ಟ್ರಿಪ್ ತೆಗೆದು, “ಮಾವ ರಾತ್ರಿ ಇದೊಂದು ತಗೊಂತಿದ್ರು, ನಿದ್ದೆಗೆ ಅಂತ, ನಾಕು ವರ್ಷ ಆಯ್ತು” ಎಂದರು. ಅದೇ ಜೋಡಿ ಮಾತ್ರೆ. ನಿದ್ದೆ ಗುಳಿಗೆಯನ್ನು ಅವರು ಔಷಧಿಯ ಲೆಕ್ಕಕ್ಕೇ ಸೇರಿಸಿರಲಿಲ್ಲ. ನಾವೂ ಕೇಳಿರಲಿಲ್ಲ. ಕ್ಲೋನಜೆಪಾಮ್ ರಕ್ತದಿಂದ ನಿಧಾನಕ್ಕೆ ಇಳಿಯುವಂಥದ್ದಾದ್ದರಿಂದ ನಿಲ್ಲಿಸಿದ ಪರಿಣಾಮ ಮರುದಿನವೇ ಕಾಣದೆ ಕೆಲವು ದಿನ ಬಿಟ್ಟು ಕಾಣುತ್ತದೆ, ಆಗ ಕಾರಣ ಹೊಳೆಯುವುದು ಕಷ್ಟ. ಅವರು ಚೇತರಿಸಿಕೊಂಡರು. ಈಗ ನಾನು ಯಾರನ್ನು ವಾರ್ಡಿಗೆ ಸೇರಿಸಿಕೊಂಡರೂ “ಏನು ಔಷಧಿ ತಗೋತೀರಿ” ಎಂದು ಕೇಳಿ ನಿಲ್ಲಿಸದೆ, “ರಾತ್ರಿ ನಿದ್ದೆಗೆ ಏನಾದ್ರೂ ನುಂಗ್ತೀರಾ, ಎಷ್ಟು ದಿನದಿಂದ, ಚೀಲದಲ್ಲಿದ್ರೆ ತೋರಿಸಿ” ಎಂದು ಬಿಡಿಸಿ ಕೇಳುತ್ತೇನೆ.

ವಯಸ್ಸಾದವರಲ್ಲಿ ಎರಡೂ ಬಗೆಯ ಮಾತ್ರೆಗಳಿಗೆ ಹೆಚ್ಚಿನ ನಿಗಾ ಬೇಕು. ನಿದ್ದೆಯ ಮಂಪರಿನಲ್ಲಿ ರಾತ್ರಿ ಮೂತ್ರಕ್ಕೆಂದು ಎದ್ದು ಬಿದ್ದು ತೊಡೆಯ ಮೂಳೆ ಮುರಿದುಕೊಳ್ಳುವುದು ಒಂದು. ಮಲಗುವ ಮುಂಚೆ ಒಮ್ಮೆ ಶೌಚಾಲಯಕ್ಕೆ ಕರೆದೊಯ್ದು, ಹಾಸಿಗೆಯ ಅಂಚಿನಲ್ಲಿ ಎರಡು ನಿಮಿಷ ಕೂತು ಆಮೇಲೆ ಏಳುವ ಅಭ್ಯಾಸ ಮಾಡಿಸಿದರೆ ಅದನ್ನು ಬಹುಪಾಲು ತಪ್ಪಿಸಬಹುದು. ಇನ್ನೊಂದು, ಎಸ್ಸಿಟಲೋಪ್ರಾಮ್‌ನಂಥವು ಶುರುವಾದ ಮೊದಲ ವಾರಗಳಲ್ಲಿ ರಕ್ತದ ಸೋಡಿಯಂ ಕುಸಿಯುವುದು. ಬಿಪಿಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದರ ಸಂಭವ ಹೆಚ್ಚು. ಅಜ್ಜಿ ನಿನ್ನೆಯಿಂದ ಏನೇನೋ ಮಾತಾಡುತ್ತಿದ್ದಾರೆ ಎಂದು ಮನೆಯವರು ಹೇಳಿದರೆ, ಅರವತ್ತಕ್ಕೆ ಅರಳು ಮರಳು ಎಂದು ನಕ್ಕು ಮುಂದೆ ಹೋಗದೆ ಒಂದು ಸೀಸೆ ರಕ್ತ ಲ್ಯಾಬಿಗೆ ಹೋಗುವಂತೆ ನೋಡಿಕೊಳ್ಳಬೇಕು.

ರೋಗಿಗಳು ತಾವಾಗಿ ಹೇಳದ ಅಡ್ಡಪರಿಣಾಮವೂ ಒಂದಿದೆ. ಗಂಡಹೆಂಡಿರ ಸಂಬಂಧದಲ್ಲಿ ಆಸಕ್ತಿ ಕುಗ್ಗುವುದು, ತಡವಾಗುವುದು ಈ ಮಾತ್ರೆಗಳಲ್ಲಿ ಸಾಮಾನ್ಯ. ಗಂಡಸರು ಬಾಯಿ ಬಿಡದೆ ಮಾತ್ರೆ ಬಿಡುತ್ತಾರೆ. ಹೆಂಗಸರನ್ನಂತೂ ಯಾರೂ ಕೇಳುವುದೇ ಇಲ್ಲ. ನಾನು ಒಬ್ಬರೇ ಇದ್ದಾಗ, “ಕೆಲವರಿಗೆ ಈ ಮಾತ್ರೆಯಿಂದ ಹೀಗಾಗ್ತದೆ, ಆದ್ರೆ ಹೇಳಿ, ಡಾಕ್ಟರು ಬೇರೆ ಮಾತ್ರೆ ನೋಡ್ತಾರೆ” ಎಂದು ಅವರ ಮುಖ ನೋಡದೆ, ಬಿಪಿ ಪಟ್ಟಿ ಸುತ್ತುತ್ತಾ ಹೇಳುತ್ತೇನೆ. ಹಾಲೂಡುವ ತಾಯಂದಿರ ವಿಷಯದಲ್ಲಿ ಇನ್ನೊಂದು ಬಗೆಯ ಮೌನ: ಮಗುವಿಗೆ ವಿಷವಾದೀತೆಂದು ಹೆದರಿ ಯಾರಿಗೂ ಹೇಳದೆ ನಿಲ್ಲಿಸಿಬಿಡುತ್ತಾರೆ. ಸರ್ಟ್ರಾಲಿನ್ ಎದೆಹಾಲಿಗೆ ಸೇರುವುದು ಬಹಳ ಕಡಿಮೆ, ಹಾಗೆಂದು ತಿಳಿದೇ ವೈದ್ಯರು ಅದನ್ನು ಆರಿಸಿದ್ದಾರೆ ಎಂಬ ಮಾತು ಅವರಿಗೆ ತಲುಪಿದರೆ ಸಾಕು.

ಇಷ್ಟೆಲ್ಲ ಬರೆಯುವ ನಾನು 2021ರ ಎರಡನೇ ಅಲೆಯ ನಂತರ ಏಳು ತಿಂಗಳು ಸರ್ಟ್ರಾಲಿನ್ ನುಂಗಿದ್ದೇನೆ. ಪಿಪಿಇ ಕಿಟ್ ಕಳಚಿದ ಮೇಲೂ ಆಕ್ಸಿಜನ್ ಮೀಟರಿನ ಶಬ್ದ ಕಿವಿಯಲ್ಲಿ ಉಳಿಯುತ್ತಿತ್ತು, ಡ್ಯೂಟಿ ರೂಮಿನ ಬಾಗಿಲ ಹಿಡಿ ಮುಟ್ಟಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ರೋಗಿಗಳಿಗೆ ಸುಳ್ಳು ಹೇಳುವುದನ್ನು ಬಿಟ್ಟು ಹತ್ತು ವರ್ಷವಾಗಿದ್ದ ನಾನು, ಲಾಕರಿನಲ್ಲಿ ಆ ಮಾತ್ರೆಗಳನ್ನು ಬಿ-ಕಾಂಪ್ಲೆಕ್ಸ್ ಡಬ್ಬಿಗೆ ಸುರಿದು ಇಟ್ಟುಕೊಂಡಿದ್ದೆ. ಸಹೋದ್ಯೋಗಿಯೊಬ್ಬಳು ಒಂದು ದಿನ ಬಾಯಿಹುಣ್ಣಿಗೆಂದು ಅದರಿಂದ ಒಂದು ತೆಗೆದುಕೊಳ್ಳಲು ಕೈ ಹಾಕಿದಾಗ ಡಬ್ಬಿ ಕಿತ್ತುಕೊಂಡು ನಿಜ ಹೇಳಬೇಕಾಯಿತು. ಅವಳು ಸುಮ್ಮನೆ ತನ್ನ ವ್ಯಾನಿಟಿ ಬ್ಯಾಗಿನ ಜಿಪ್ ತೆಗೆದು ತನ್ನ ಸ್ಟ್ರಿಪ್ ತೋರಿಸಿದಳು. ಅವಳದು ಎಸ್ಸಿಟಲೋಪ್ರಾಮ್. ಆಮೇಲೆ ಇಬ್ಬರೂ ಟೀ ಕುಡಿದೆವು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆ 2022ರ ಅಕ್ಟೋಬರಿನಲ್ಲಿ ಶುರುವಾದಾಗ, ಅದರ ಪೋಸ್ಟರನ್ನು ವಾರ್ಡಿನ ಗೋಡೆಗಷ್ಟೇ ಅಲ್ಲ, ನಮ್ಮ ಡ್ಯೂಟಿ ರೂಮಿನ ಕನ್ನಡಿಯ ಪಕ್ಕಕ್ಕೂ ಅಂಟಿಸಿದ್ದು ಅವಳೇ.

ಹದಿನಾಲ್ಕನೇ ಹಾಸಿಗೆಯ ಅಮ್ಮ ಆರು ದಿನ ಇದ್ದು ಮನೆಗೆ ಹೋದರು. ಮೂರನೆಯ ದಿನ ಹೊಟ್ಟೆ ತೊಳೆಸಿದಾಗ, “ನೀವು ಹೇಳಿದಂಗೇ ಆಯ್ತು” ಎಂದು, ಭವಿಷ್ಯ ನಿಜವಾದ ಜ್ಯೋತಿಷಿಯನ್ನು ನೋಡುವಂತೆ ನನ್ನನ್ನು ನೋಡಿದ್ದರು. ಇಪ್ಪತ್ತನಾಲ್ಕನೆಯ ದಿನ, ಗಣಪತಿ ಹಬ್ಬ ಕಳೆದ ವಾರ, ಮಗಳೊಂದಿಗೆ ಒಪಿಡಿಗೆ ಬಂದು, ಹೊರಗಿನ ಬೆಂಚಿನಲ್ಲಿ ಕೂತಿದ್ದವರು ನನ್ನನ್ನು ಕಂಡು ಎದ್ದು ನಿಂತರು. ಎದೆ ಹೇಗಿದೆ ಎಂದು ಕೇಳಿದೆ. ಅದಕ್ಕೆ ಉತ್ತರ ಕೊಡದೆ, “ಮೊನ್ನೆ ಸೊಸೆ ಮಾಡಿದ ಸಾರಿಗೆ ಉಪ್ಪು ಜಾಸ್ತಿ ಆಗಿತ್ತು, ಬೈದೆ” ಎಂದರು. ಮಗಳು ನಕ್ಕಳು. ಏಳು ತಿಂಗಳು ಮಣ್ಣು ಅಗಿದ ನಾಲಿಗೆಗೆ ಉಪ್ಪು ಹೆಚ್ಚಾದದ್ದು ತಿಳಿದಿತ್ತು.

ನಂತರ ಸೆರಗಿನ ಗಂಟು ಬಿಚ್ಚಿ, ಒಂದು ಸ್ಟ್ರಿಪ್ಪಿನ ತುಂಡಿನಲ್ಲಿ ಉಳಿದಿದ್ದ ಎರಡು ಸಣ್ಣ ಮಾತ್ರೆಗಳನ್ನು ನನ್ನ ಕೈಗಿಟ್ಟರು. ಹತ್ತೇ ದಿನ ಎಂದಿದ್ದಿರಲ್ಲ, ಎರಡು ರಾತ್ರಿ ಮರೆತು ಮಲಗಿದೆ, ಉಳಿದವು ಎಂದರು. “ಹಂಗಾದ್ರೆ ದೊಡ್ಡದನ್ನೂ ಬಿಡ್ಬಹುದಾ?” ಇಲ್ಲ ಎಂದೆ, ಗುಣವಾದ ಮೇಲೂ ಕಡಿಮೆಯೆಂದರೆ ಆರು ತಿಂಗಳು ತೆಗೆದುಕೊಳ್ಳಬೇಕು, ಬಿಡುವಾಗಲೂ ಡಾಕ್ಟರು ಹೇಳಿದಂತೆ ಇಳಿಸುತ್ತಾ ಬಿಡಬೇಕು, ಒಮ್ಮೆಗೇ ನಿಲ್ಲಿಸಿದರೆ ತಲೆ ಸುತ್ತಿ, ತಲೆಯೊಳಗೆ ಕರೆಂಟು ಹೊಡೆದಂತಾಗುತ್ತದೆ ಎಂದು ವಿವರಿಸಿದೆ. ಅವರು ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳನ್ನು ಮುಟ್ಟುತ್ತಾ, ದಸರಾ, ದೀಪಾವಳಿ, ಎಳ್ಳಮಾವಾಸ್ಯೆ, ಸಂಕ್ರಾಂತಿ, ಶಿವರಾತ್ರಿ ಎಂದು ಎಣಿಸಿ, “ಯುಗಾದಿ ಮಟ ಅನ್ನಿ” ಎಂದು ಮಗಳ ಕಡೆ ತಿರುಗಿ, ಮುಂದಿನ ತಾರೀಖು ಚೀಟಿಯಲ್ಲಿ ಬರೆಸಿಕೋ ಎಂದರು.